ಅಂಕಣಕಾರನ ಹುಟ್ಟೂರು ಯಾವ ರಾಜ್ಯದಲ್ಲಿದೆ?

ಹಿರಿಯ ಪತ್ರಕರ್ತ ಟಿ.ಜೆ.ಎಸ್. ಜಾರ್ಜ್ ಅವರು 2025ರ ಅಕ್ಟೋಬರ್ 3ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರಿಗೆ 97 ವರ್ಷ ತುಂಬಿತ್ತು. 'ದಿ ನ್ಯೂ ಇಂಡಿಯನ್ ಎಕ್ಸ್‌ಪ್ರೆಸ್' ಪತ್ರಿಕೆಯಲ್ಲಿ 'ಪಾಯಿಂಟ್ ಆಫ್ ವ್ಯೂ' ಎಂಬ ಅಂಕಣವನ್ನು 25 ವರ್ಷ ಬರೆದು 2022ರಲ್ಲಿ ನಿಲ್ಲಿಸಿದವರು ಅವರು. ರಾಜಕಾರಣಿಗಳಿಗೆ ಬಿಸಿ ಮುಟ್ಟಿಸುವುದರಲ್ಲಿ ಎತ್ತಿದ ಕೈ. ಇಂಥವರು ಹೋದಾಗ ಪತ್ರಿಕಾ ಕಚೇರಿಗಳಲ್ಲಿ ಒಂದು ಪರಿಚಯದ ಪ್ಯಾರಾ ತಯಾರಾಗುತ್ತದೆ. ಹುಟ್ಟಿದ್ದು ಎಲ್ಲಿ, ಓದಿದ್ದು ಎಲ್ಲಿ, ಯಾವ ಪತ್ರಿಕೆಯಲ್ಲಿ ಎಷ್ಟು ವರ್ಷ, ಯಾವ ಪ್ರಶಸ್ತಿ. ಹೆಚ್ಚೆಂದರೆ ಏಳೆಂಟು ಸಾಲು. ಅದನ್ನು ಗಮನವಿಟ್ಟು ಓದುವವರು ಕಡಿಮೆ, ಪರೀಕ್ಷಿಸಿ ನೋಡುವವರು ಇನ್ನೂ ಕಡಿಮೆ. ಇವತ್ತು ನಾನು ಬರೆಯಹೊರಟದ್ದು ಆ ಏಳೆಂಟು ಸಾಲಿನ ಬಗ್ಗೆಯೇ.

'1928ರ ಮೇ 7ರಂದು ಕೇರಳದ ಪತ್ತನಂತಿಟ್ಟ ಜಿಲ್ಲೆಯ ತುಂಪಮಣ್‌ನಲ್ಲಿ ಜನಿಸಿದರು' ಅಂತ ಬರೆದರೆ ಏನು ತಪ್ಪು ಎಂದು ಯಾರಾದರೂ ಕೇಳಬಹುದು. ತಾರೀಕು ಸರಿ, ಊರೂ ಸರಿ. ಆದರೆ 1928ರಲ್ಲಿ ಕೇರಳ ಎಂಬ ರಾಜ್ಯವೇ ಇರಲಿಲ್ಲ. ಪತ್ತನಂತಿಟ್ಟ ಜಿಲ್ಲೆ ಹುಟ್ಟಿದ್ದು 1982ರ ನವೆಂಬರ್ 1ರಂದು; ಅಷ್ಟು ಹೊತ್ತಿಗೆ ಜಾರ್ಜ್ ಅವರಿಗೆ 54 ವರ್ಷ. ಜಿಲ್ಲೆಗಿಂತ ಮನುಷ್ಯನೇ ಹಿರಿಯ! ಅವರು ಹುಟ್ಟಿದ್ದು ತಿರುವಾಂಕೂರು ಸಂಸ್ಥಾನದಲ್ಲಿ. ರಾಜರನ್ನೂ ದಿವಾನರನ್ನೂ ಟೀಕಿಸಿದ್ದಕ್ಕೆ 'ಸ್ವದೇಶಾಭಿಮಾನಿ' ಪತ್ರಿಕೆಯ ಸಂಪಾದಕ ರಾಮಕೃಷ್ಣ ಪಿಳ್ಳೆಯವರನ್ನು 1910ರಲ್ಲಿ ಗಡೀಪಾರು ಮಾಡಿದ ಸಂಸ್ಥಾನ ಅದು. ದಿವಾನ್ ಸರ್ ಸಿ.ಪಿ. ರಾಮಸ್ವಾಮಿ ಅಯ್ಯರ್ ಅವರ ಕಾಲದಲ್ಲಿ, 1938ರಲ್ಲಿ, 'ಮಲಯಾಳ ಮನೋರಮಾ'ದ ಬಾಗಿಲಿಗೆ ಮೊಹರು ಹಾಕಿದ್ದೂ ಅಲ್ಲಿಯೇ. ಆಗ ಜಾರ್ಜ್ ಹತ್ತು ವರ್ಷದ ಹುಡುಗ. ಅದರಿಂದಲೇ ಅವರು ಅಧಿಕಾರಸ್ಥರ ವಿರೋಧಿಯಾದರು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದಕ್ಕೆ ಆಧಾರ ಬೇಕು. ಆದರೆ ಓದುಗನಿಗೆ ಹೀಗೊಂದು ಯೋಚನೆ ಬರಬಹುದಾದ ದಾರಿಯನ್ನೇ 'ಕೇರಳದಲ್ಲಿ ಜನನ' ಎಂಬ ಎರಡು ಶಬ್ದ ಮುಚ್ಚಿಬಿಡುತ್ತದೆ.

ಗಡಿನಾಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳು 1915ರಲ್ಲಿ ಹುಟ್ಟಿದಾಗ ಕಾಸರಗೋಡು ತಾಲ್ಲೂಕು ಇದ್ದದ್ದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. 1956ರ ನವೆಂಬರ್ 1ಕ್ಕೆ ಅದು ಕೇರಳದ ಮಲಬಾರ್ ಜಿಲ್ಲೆಗೆ ಸೇರಿತು. ಎರಡೇ ತಿಂಗಳಲ್ಲಿ, 1957ರ ಜನವರಿ 1ಕ್ಕೆ, ಮಲಬಾರ್ ಒಡೆದು ಕಣ್ಣೂರು ಜಿಲ್ಲೆ. 1984ರ ಮೇ 24ಕ್ಕೆ ಕಾಸರಗೋಡು ಜಿಲ್ಲೆ. 2015ರಲ್ಲಿ ಅವರು ತೀರಿಹೋಗುವ ಹೊತ್ತಿಗೆ ಊರು ಇದ್ದಲ್ಲೇ ಇತ್ತು, ವಿಳಾಸ ಮಾತ್ರ ನಾಲ್ಕಾಗಿತ್ತು. ಆದೋನಿ, ರಾಯದುರ್ಗದ ಹಿರಿಯರನ್ನು ಕೇಳಿ: 1953ರ ಅಕ್ಟೋಬರ್ 1ಕ್ಕಿಂತ ಮೊದಲು ಹುಟ್ಟಿದವರೆಲ್ಲ ಬಳ್ಳಾರಿ ಜಿಲ್ಲೆಯವರೇ. ಅಕ್ಕಲಕೋಟೆ, ಜತ್ತದ ಕಡೆ 1948ರವರೆಗೆ ಸಂಸ್ಥಾನಿಕರ ಆಡಳಿತ. ಮಡಕಶಿರದವರ ಜಿಲ್ಲೆಯ ಹೆಸರು ಬದಲಾದದ್ದು ಮೊನ್ನೆ ಮೊನ್ನೆ, 2022ರಲ್ಲಿ. ಇನ್ನು ಗೋವಿಂದ ಪೈಗಳಿಗೆ 'ರಾಷ್ಟ್ರಕವಿ' ಗೌರವ ಕೊಟ್ಟದ್ದು ಮದ್ರಾಸ್ ಸರ್ಕಾರ ಎಂದರೆ ಇವತ್ತಿನ ಹುಡುಗರು ಕಣ್ಣರಳಿಸುತ್ತಾರೆ. ಅವರು ಮಂಜೇಶ್ವರದವರು ಹೌದು, ಆದರೆ ಹುಟ್ಟಿದ್ದು ಮಂಗಳೂರಿನಲ್ಲಿ, ತಾಯಿಯ ತವರಿನಲ್ಲಿ ಎಂಬುದೂ ಎಷ್ಟೋ ಮಂದಿಗೆ ಗೊತ್ತಿಲ್ಲ.

ಕವಿಗಳ ವಿಷಯದಲ್ಲಿ ಇಂಥ ತಪ್ಪು ನುಸುಳಿದರೂ ಕವಿತೆ ಕೆಡುವುದಿಲ್ಲ, ಪುಣ್ಯ. ರಾಜಕೀಯ ಅಂಕಣಕಾರನ ಸಂಗತಿ ಹಾಗಲ್ಲ. ವರದಿಗಾರ ನಡೆದದ್ದನ್ನು ಹೇಳುತ್ತಾನೆ. ಅಂಕಣಕಾರ ಅದನ್ನು ಹೇಗೆ ನೋಡಬೇಕು ಅಂತ ಹೇಳುತ್ತಾನೆ. ಮಂತ್ರಿಯನ್ನೂ ಪಕ್ಷವನ್ನೂ ವಾರವಾರ ತಕ್ಕಡಿಗೆ ಹಾಕುವವನು ಅವನು. ಹಾಗಿದ್ದಾಗ ತೂಕದ ಕಲ್ಲು ಸರಿಯಿದೆಯೇ ಎಂದು ನೋಡುವ ಹಕ್ಕು ಓದುಗನಿಗೆ ಬೇಡವೇ? ಆತ ಯಾವ ಕಾಲದಲ್ಲಿ ಯಾರ ಸಂಬಳ ಪಡೆದ, ಯಾವ ಸರ್ಕಾರ ಅವನಿಗೆ ಹುದ್ದೆ ಕೊಟ್ಟಿತು, ಯಾವ ಸರ್ಕಾರ ಜೈಲಿಗೆ ಹಾಕಿತು, ಮತ್ತು ಇವೆಲ್ಲ ಯಾವ ಕ್ರಮದಲ್ಲಿ ನಡೆದವು. ಈ ಕ್ರಮ ಎಂಬುದು ಬಹಳ ಮುಖ್ಯ. ಜಾರ್ಜ್ ಅವರದೇ ಒಂದು ಪ್ರಸಂಗ ನೋಡಿ.

1965ರಲ್ಲಿ ಅವರು ಪಾಟ್ನಾದ 'ಸರ್ಚ್‌ಲೈಟ್' ಪತ್ರಿಕೆಯ ಸಂಪಾದಕರು. ಬಿಹಾರದ ಮುಖ್ಯಮಂತ್ರಿ ಕೆ.ಬಿ. ಸಹಾಯ್ ಅವರ ಸರ್ಕಾರ ರಾಜದ್ರೋಹದ ಆರೋಪ ಹೊರಿಸಿ ಅವರನ್ನು ಬಂಧಿಸಿತು. ಅವರ ಪರ ವಾದಿಸಲು ಪಾಟ್ನಾಕ್ಕೆ ಬಂದವರು ಮಾಜಿ ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್. ಇದೇ ಜಾರ್ಜ್ ಕೃಷ್ಣ ಮೆನನ್ ಅವರ ಜೀವನಚರಿತ್ರೆಯನ್ನೂ ಬರೆದಿದ್ದಾರೆ. ಈಗ ಈ ಎರಡು ಸಂಗತಿಗಳನ್ನು ಇಸವಿ ಇಲ್ಲದೆ ಅಕ್ಕಪಕ್ಕ ಇಟ್ಟರೆ ಓದುಗ ಏನು ತಿಳಿಯುತ್ತಾನೆ? 'ಓಹೋ, ಕೋರ್ಟಿನಲ್ಲಿ ಕೈಹಿಡಿದವರ ಋಣ ತೀರಿಸಲು ಪುಸ್ತಕ ಬರೆದರು' ಅಂತ. ಪುಸ್ತಕ ಅಚ್ಚಾದದ್ದು 1964ರಲ್ಲಿ. ಕೇಸು ಅದರ ಮುಂದಿನ ವರ್ಷ. ಬರೆಯುವಾಗ ಮೆನನ್ ಅಧಿಕಾರ ಕಳೆದುಕೊಂಡಿದ್ದರು. 1962ರ ಚೀನಾ ಯುದ್ಧದ ನಂತರ ಅವರನ್ನು ಹೊಗಳಿದರೆ ಲಾಭವೇನೂ ಇರಲಿಲ್ಲ. ಇಸವಿ ಎಂಬ ನಾಲ್ಕು ಅಂಕಿ ಬಿಟ್ಟುಹೋದರೆ ಒಬ್ಬ ಮನುಷ್ಯನ ಮೇಲೆ ಲಂಚದ ಕಲೆ ಬೀಳಬಹುದು, ಅಂಕಿ ಇದ್ದರೆ ಕಲೆ ಇಲ್ಲ. ವಿವರ ಎಂದರೆ ನಾನು ಹೇಳುವುದು ಇದನ್ನೇ.

ಇದೇ ಪ್ರಸಂಗದಲ್ಲಿ ಕನ್ನಡಿಗರಾದ ನಾವು ಎಚ್ಚರ ವಹಿಸಬೇಕಾದ ಇನ್ನೊಂದು ಶಬ್ದ ಇದೆ. ಭಾರತೀಯ ದಂಡಸಂಹಿತೆಯ 124-ಎ ವಿಧಿಯ ಆರೋಪವನ್ನು ನಮ್ಮಲ್ಲಿ ಕೆಲವರು 'ದೇಶದ್ರೋಹ' ಎಂದು ಬರೆಯುತ್ತಾರೆ. ಆ ವಿಧಿ ಹೇಳುತ್ತಿದ್ದದ್ದು ಕಾನೂನುಬದ್ಧ ಸರ್ಕಾರದ ವಿರುದ್ಧ ದ್ವೇಷ ಹುಟ್ಟಿಸುವುದನ್ನು, ಅಂದರೆ ರಾಜದ್ರೋಹವನ್ನು. ಲೋಕಮಾನ್ಯ ತಿಲಕರೂ ಗಾಂಧೀಜಿಯೂ ಜೈಲಿಗೆ ಹೋದದ್ದು ಇದೇ ವಿಧಿಯಡಿ. 'ದೇಶದ್ರೋಹದ ಆರೋಪದ ಮೇಲೆ ಬಂಧಿತರಾಗಿದ್ದ ಅಂಕಣಕಾರ' ಎಂದು ಒಂದು ಸಾಲು ಅಚ್ಚಾಗಲಿ, ಹತ್ತು ವರ್ಷದ ಮೇಲೆ ಅದನ್ನು ಎತ್ತಿ ತೋರಿಸುವವರಿಗೆ ಏನು ಬೇಕೋ ಅದು ಸಿಕ್ಕಿತು. ಜಾರ್ಜ್ ಅವರ ಬಗ್ಗೆ 'ಸ್ವತಂತ್ರ ಭಾರತದಲ್ಲಿ ರಾಜದ್ರೋಹದ ಆರೋಪಕ್ಕೆ ಗುರಿಯಾದ ಮೊದಲ ಸಂಪಾದಕ' ಎಂದು ಬರೆಯುವ ರೂಢಿಯೂ ಇದೆ. 'ಮೊದಲ' ಎಂಬ ಮಾತು ಕಂಡಲ್ಲೆಲ್ಲ ನಾನು ಪೆನ್ಸಿಲ್ಲಿನಿಂದ ಸುತ್ತು ಹಾಕುತ್ತೇನೆ. ಯಾಕೆಂದರೆ ಅವಸರದ ಉಪಸಂಪಾದಕ ಜಾಗ ಉಳಿಸಲು 'ರಾಜದ್ರೋಹ' ಎಂಬ ಶಬ್ದ ತೆಗೆದು 'ಸರ್ಕಾರದ ಕ್ರಮಕ್ಕೆ ಗುರಿಯಾದ ಮೊದಲ ಸಂಪಾದಕ' ಎಂದು ಮಾಡಿಬಿಟ್ಟರೆ ಅದು ಶುದ್ಧ ಸುಳ್ಳಾಗುತ್ತದೆ. 1950ರಲ್ಲಿಯೇ ರೊಮೇಶ್ ಥಾಪರ್ ಅವರ 'ಕ್ರಾಸ್ ರೋಡ್ಸ್' ಮತ್ತು ದೆಹಲಿಯ 'ಆರ್ಗನೈಸರ್', ಒಂದು ಎಡ ಇನ್ನೊಂದು ಬಲ, ಸರ್ಕಾರದ ಕ್ರಮದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿ ಗೆದ್ದಿದ್ದವು.

ಜಾರ್ಜ್ ಅವರು ಬರೆದ ಜೀವನಚರಿತ್ರೆಗಳಲ್ಲಿ ಇನ್ನೊಬ್ಬ ಅಂಕಣಕಾರನದೂ ಇದೆ: ಪೋತನ್ ಜೋಸೆಫ್. 1892ರಲ್ಲಿ ತಿರುವಾಂಕೂರಿನ ಚೆಂಗನ್ನೂರಿನಲ್ಲಿ ಹುಟ್ಟಿ 1972ರಲ್ಲಿ ತೀರಿಕೊಂಡವರು. 'ಓವರ್ ಎ ಕಪ್ ಆಫ್ ಟೀ' ಎಂಬ ಅವರ ಅಂಕಣ ದಶಕಗಟ್ಟಲೆ ನಡೆಯಿತು. ಅವರು ಪತ್ರಿಕೆ ಬಿಟ್ಟು ಪತ್ರಿಕೆ ಸೇರಿದಾಗಲೆಲ್ಲ ಅಂಕಣವೂ ಗಂಟುಮೂಟೆ ಕಟ್ಟಿಕೊಂಡು ಜೊತೆಗೆ ಬರುತ್ತಿತ್ತು. 1948ರ ಜೂನ್ 17ರಂದು ಬೆಂಗಳೂರಿನಲ್ಲಿ 'ಡೆಕ್ಕನ್ ಹೆರಾಲ್ಡ್' ಆರಂಭವಾದಾಗ ಅದರ ಮೊದಲ ಸಂಪಾದಕರು ಅವರೇ. ಹಾಗಾಗಿ ನಮ್ಮ ಹಿರಿಯ ಓದುಗರಿಗೆ ಅವರ ಹೆಸರು ಅಪರಿಚಿತವಲ್ಲ.

ಪೋತನ್ ಅವರ ಪರಿಚಯ ಬರೆಯುವವರು ತಪ್ಪದೆ ಸಂಪಾದಿಸಿದ ಪತ್ರಿಕೆಗಳ ಪಟ್ಟಿ ಕೊಡುತ್ತಾರೆ: 'ಹಿಂದೂಸ್ತಾನ್ ಟೈಮ್ಸ್', 'ಇಂಡಿಯನ್ ಎಕ್ಸ್‌ಪ್ರೆಸ್', 'ಡಾನ್', 'ಡೆಕ್ಕನ್ ಹೆರಾಲ್ಡ್'. ಪಟ್ಟಿ ಸರಿ. ಆದರೆ ನಡುವೆ ಇರುವ 'ಡಾನ್' ಎಂಬ ಹೆಸರು ನೋಡಿ ಇವತ್ತಿನ ಓದುಗ ಹುಬ್ಬೇರಿಸುತ್ತಾನೆ. ಕರಾಚಿಯ ಪತ್ರಿಕೆಯಲ್ಲವೇ ಅದು? ಈ ಮನುಷ್ಯ ಪಾಕಿಸ್ತಾನದಲ್ಲಿ ಕೆಲಸ ಮಾಡಿದ್ದನೇ? ಇಲ್ಲ ಸ್ವಾಮಿ. ಜಿನ್ನಾ ಅವರು 'ಡಾನ್' ಆರಂಭಿಸಿದ್ದು ದೆಹಲಿಯಲ್ಲಿ, 1941ರಲ್ಲಿ, ವಾರಪತ್ರಿಕೆಯಾಗಿ. 1942ರಲ್ಲಿ ಅದು ದಿನಪತ್ರಿಕೆಯಾಯಿತು. ಪೋತನ್ ಅಲ್ಲಿ ಸಂಪಾದಕರಾಗಿದ್ದದ್ದು ದೇಶ ವಿಭಜನೆಗೆ ಮುಂಚಿನ ಆ ದೆಹಲಿಯ ದಿನಗಳಲ್ಲಿ. ಕರಾಚಿಯಿಂದ ಅದು ಹೊರಬರತೊಡಗಿದ್ದು 1947ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಪೋತನ್ ಅದನ್ನು ಬಿಟ್ಟು ವರ್ಷಗಳೇ ಕಳೆದಿದ್ದವು. ಹಾಗೆಂದು ಇದನ್ನು ಮುಚ್ಚಿಡಬೇಕೇ? ಖಂಡಿತ ಇಲ್ಲ. ಮುಸ್ಲಿಂ ಲೀಗಿನ ಪತ್ರಿಕೆಯನ್ನು ತಿರುವಾಂಕೂರಿನ ಕ್ರೈಸ್ತರೊಬ್ಬರು ನಡೆಸಿದರು, ಅದಕ್ಕೂ ಮೊದಲು ಅವರೇ ರಾಷ್ಟ್ರೀಯ ಚಳವಳಿಯ ಪರವಾದ 'ಹಿಂದೂಸ್ತಾನ್ ಟೈಮ್ಸ್' ನಡೆಸಿದ್ದರು, 1932ರಲ್ಲಿ ಶಂಕರ್ ಎಂಬ ತರುಣ ವ್ಯಂಗ್ಯಚಿತ್ರಕಾರನನ್ನು ಅಲ್ಲಿಗೆ ಕರೆತಂದಿದ್ದರು ಎಂಬುದೆಲ್ಲ ಆ ಕಾಲದ ಪತ್ರಿಕೋದ್ಯಮದ ಸ್ವಭಾವವನ್ನೇ ತಿಳಿಸುವ ಸಂಗತಿಗಳು. ಬೇಕಾದದ್ದು ಊರು ಮತ್ತು ಇಸವಿ. 'ದೆಹಲಿಯ ಡಾನ್, ವಿಭಜನೆಗೆ ಮುನ್ನ' ಎಂದು ನಾಲ್ಕು ಶಬ್ದ ಬರೆದರೆ ಸಾಕು.

ಹೆಸರಿನ ಗೊಂದಲ ಬೇರೆ. ಪೋತನ್ ಅವರ ಅಣ್ಣ ಜಾರ್ಜ್ ಜೋಸೆಫ್, ಮಧುರೆಯಲ್ಲಿ ಬ್ಯಾರಿಸ್ಟರ್, 1924ರ ವೈಕಂ ಸತ್ಯಾಗ್ರಹದಲ್ಲಿ ಭಾಗವಹಿಸಿದವರು. ಗಾಂಧೀಜಿಯವರ 'ಯಂಗ್ ಇಂಡಿಯಾ'ದ ಸಂಪಾದಕತ್ವವನ್ನೂ ಒಂದಷ್ಟು ಕಾಲ ವಹಿಸಿದ್ದರು. ಅಣ್ಣನೂ ಸಂಪಾದಕ, ತಮ್ಮನೂ ಸಂಪಾದಕ, ಇಬ್ಬರೂ ಜೋಸೆಫ್; ಜೀವನಚರಿತ್ರೆ ಬರೆದವರು ಇನ್ನೊಬ್ಬ ಜಾರ್ಜ್. ಯಾರ ಸಾಧನೆ ಯಾರ ಲೆಕ್ಕಕ್ಕೆ ಹೋಗುತ್ತದೋ! 'ಜೋಸೆಫ್ ಮನೆತನ' ಅಂತ ಬರೆಯುವವರಿದ್ದಾರೆ. ಅದು ಮನೆತನವಲ್ಲ, ತಂದೆಯ ಹೆಸರು. ಟಿ.ಜೆ.ಎಸ್. ಎಂಬುದರಲ್ಲಿ ಮೊದಲನೆಯದು ತಯ್ಯಿಲ್ ಎಂಬ ಮನೆಯ ಹೆಸರು, ಎರಡನೆಯದು ತಂದೆ ಜೇಕಬ್. ನಮ್ಮವರಿಗೆ ಇದು ಹೊಸತಲ್ಲ. ಸೊಲ್ಲಾಪುರದ ಕನ್ನಡಿಗ ಕನ್ನಡ ಸಭೆಯ ಕರಪತ್ರದಲ್ಲಿ ಒಂದು ರೀತಿ, ಮರಾಠಿ ಶಾಲೆಯ ದಾಖಲೆಯಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಇನ್ನೊಂದು ರೀತಿ. ಹೊಸೂರಿನಲ್ಲಾದರೆ ಅಡ್ಡಹೆಸರೇ ಮಾಯ, ಒಂದು ಇನಿಷಿಯಲ್ ಮಾತ್ರ ಉಳಿಯುತ್ತದೆ. ಅದೇ ಮನುಷ್ಯ ಮೂರು ಕಡೆ ಬರೆದರೆ ಮುಂದಿನವರು ಮೂವರು ಎಂದು ಎಣಿಸುತ್ತಾರೆ.

ಪತ್ರಿಕೆಗಳ ಹೆಸರೂ ಹಾಗೆಯೇ. ಮೇಲೆ ಹೇಳಿದ 'ಸ್ವದೇಶಾಭಿಮಾನಿ' ತಿರುವಾಂಕೂರಿನ ಮಲಯಾಳಂ ಪತ್ರಿಕೆ. ಅದೇ ದಶಕದಲ್ಲಿ ಮಂಗಳೂರಿನಿಂದ ಅಮ್ಮೆಂಬಳ ಶ್ರೀನಿವಾಸ ಪೈಗಳ 'ಸ್ವದೇಶಾಭಿಮಾನಿ' ಹೊರಟಿತು, ಅದು ಕನ್ನಡದ್ದು. ಕಾಸರಗೋಡಿನ ಒಂದು ಮಗು ತನ್ನ ಮುತ್ತಜ್ಜ 'ಸ್ವದೇಶಾಭಿಮಾನಿಗೆ ಬರೆಯುತ್ತಿದ್ದರು' ಎಂದು ಮನೆಯಲ್ಲಿ ಕೇಳಿ, ಶಾಲೆಯ ಮಲಯಾಳಂ ಪುಸ್ತಕದಲ್ಲಿ ಅದೇ ಹೆಸರು ಕಂಡರೆ ಏನು ತಿಳಿಯಬೇಕು ಹೇಳಿ? ಇನ್ನೂ ತಮಾಷೆಯೆಂದರೆ ಗಡೀಪಾರಾದ ರಾಮಕೃಷ್ಣ ಪಿಳ್ಳೆಯವರು 1916ರಲ್ಲಿ ತೀರಿಕೊಂಡದ್ದು ಕಣ್ಣೂರಿನಲ್ಲಿ, ಅಂದರೆ ನಮ್ಮ ಕಾಸರಗೋಡಿನ ನೆರೆಯಲ್ಲೇ. ಗೊಂದಲಕ್ಕೆ ಇದಕ್ಕಿಂತ ಹದವಾದ ನೆಲ ಬೇಕೇ?

ಹುಟ್ಟಿದ ತಾರೀಕಿನ ವಿಷಯಕ್ಕೆ ಬರೋಣ. ನಮ್ಮ ಕಡೆಯ ಹಳೆಯ ತಲೆಮಾರಿನಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಮಂದಿ ಅಂತ ಲೆಕ್ಕ ಹಾಕಿ ನೋಡಿ. ಶಾಲೆ ತೆರೆಯುವ ಹೊತ್ತಿಗೆ ವಯಸ್ಸು ಕೂಡಿಬರಲೆಂದು ಮೇಷ್ಟ್ರು ಬರೆದ ತಾರೀಕು ಅದು. ಅಮ್ಮನನ್ನು ಕೇಳಿದರೆ 'ದೊಡ್ಡ ಮಳೆ ಬಂದ ವರ್ಷ, ನಾಟಿ ಮುಗಿದಿತ್ತು' ಎನ್ನುತ್ತಾಳೆ. ಎರಡರಲ್ಲಿ ಯಾವುದು ಸತ್ಯ? ಇದು ನಮ್ಮ ಹಳ್ಳಿಗಾಡಿನ ಬಡತನದ ಪಾಡು ಮಾತ್ರ ಅಂದುಕೊಳ್ಳಬೇಡಿ. ಖುಷ್ವಂತ್ ಸಿಂಗ್ ಅವರ ತಂದೆ ಸರ್ ಶೋಭಾ ಸಿಂಗ್ ಹೊಸದಿಲ್ಲಿಯನ್ನು ಕಟ್ಟಿದ ಗುತ್ತಿಗೆದಾರರಲ್ಲಿ ಒಬ್ಬರು, ದೊಡ್ಡ ಶ್ರೀಮಂತರು. ಅವರ ಮಗನ ಕಥೆಯೂ ಇದೇ. ಪಂಜಾಬಿನ ಹಡಾಲಿ ಎಂಬ ಹಳ್ಳಿಯಲ್ಲಿ ಹುಟ್ಟಿದ ಹುಡುಗನ ಜನನ ಎಲ್ಲಿಯೂ ದಾಖಲಾಗಿರಲಿಲ್ಲ. ದೆಹಲಿಯ ಮಾಡರ್ನ್ ಸ್ಕೂಲಿಗೆ ಸೇರಿಸುವಾಗ ತಂದೆ 1915ರ ಫೆಬ್ರವರಿ 2 ಎಂದು ಬರೆಸಿದರು. ಅಜ್ಜಿ ಮಾತ್ರ 'ಅಲ್ಲ, ಇವನು ಆಗಸ್ಟ್ ಹೊತ್ತಿಗೆ ಹುಟ್ಟಿದ ಕೂಸು' ಎಂಬ ಅರ್ಥದಲ್ಲಿ ಹೇಳುತ್ತಿದ್ದರು. ಖುಷ್ವಂತ್ ಅಜ್ಜಿಯ ಮಾತು ನಂಬಿ, ತಿಂಗಳ ನಡುಮಧ್ಯ ಹಿಡಿದು, ಆಗಸ್ಟ್ 15 ಎಂದು ತಾವೇ ತೀರ್ಮಾನಿಸಿಕೊಂಡರು. ದೇಶದ ಸ್ವಾತಂತ್ರ್ಯದಿನವೂ ಆಮೇಲೆ ಅದೇ ಆಗಿ ಕೂತಿತು! ಹೆಸರಿನದೂ ಅಷ್ಟೇ. ಅಜ್ಜಿ ಇಟ್ಟದ್ದು ಖುಷಾಲ್ ಸಿಂಗ್. ಶಾಲೆಯ ಹುಡುಗರು ಗೇಲಿ ಮಾಡಿದರೆಂದು, ಅಣ್ಣ ಭಗವಂತನ ಹೆಸರಿಗೆ ಹೊಂದುವಂತೆ ಖುಷ್ವಂತ್ ಎಂದು ಬದಲಿಸಿಕೊಂಡರು.

2014ರ ಮಾರ್ಚ್ 20ರಂದು ಅವರು ತೀರಿಕೊಂಡಾಗ ಪತ್ರಿಕೆಗಳು 99 ವರ್ಷ ಎಂದು ಬರೆದವು. ಶಾಲೆಯ ತಾರೀಕು ಹಿಡಿದರೆ 99 ಸರಿ. ಅಜ್ಜಿಯ ತಾರೀಕು ಹಿಡಿದರೆ 98. ಈ ಇಕ್ಕಟ್ಟಿಗೆ ಪರಿಹಾರ ಒಂದನ್ನು ಆರಿಸಿ ಇನ್ನೊಂದನ್ನು ಬಿಸಾಡುವುದಲ್ಲ. 'ಶಾಲಾ ದಾಖಲೆಯ ಪ್ರಕಾರ ಫೆಬ್ರವರಿ 2, ಅವರೇ ಹೇಳಿಕೊಂಡಂತೆ ಆಗಸ್ಟ್ 15' ಎಂದು ಎರಡನ್ನೂ, ಯಾರ ಮಾತು ಯಾವುದು ಎಂಬುದರೊಂದಿಗೆ ಬರೆದರೆ ಓದುಗನಿಗೆ ಪೂರ್ತಿ ಸಂಗತಿ ಸಿಕ್ಕಂತಾಯಿತು. ಹಡಾಲಿಯ ವಿಳಾಸಕ್ಕೂ ಅದೇ ಮಾತು. ಆಗ ಬ್ರಿಟಿಷ್ ಪಂಜಾಬಿನ ಶಾಹ್‌ಪುರ ಜಿಲ್ಲೆ, ಈಗ ಪಾಕಿಸ್ತಾನದ ಖುಷಾಬ್ ಜಿಲ್ಲೆ. ಆ ಖುಷಾಬ್ ಜಿಲ್ಲೆಯಾದದ್ದೂ ಪತ್ತನಂತಿಟ್ಟದ ಹಾಗೆ 1982ರಲ್ಲೇ. ಅವರ ಚಿತಾಭಸ್ಮದ ಒಂದಂಶವನ್ನು ಆ ಊರಿಗೆ ಒಯ್ದು, ಸಿಮೆಂಟಿನಲ್ಲಿ ಬೆರೆಸಿ, ಅವರು ಓದಿದ ಶಾಲೆಯ ಗೋಡೆಗೆ ಒಂದು ಫಲಕ ಕೂರಿಸಲಾಗಿದೆ.

ತಾರೀಕಿನ ಹೆಚ್ಚುಕಡಿಮೆಯಿಂದ ಆಕಾಶವೇನೂ ಕಳಚಿಬೀಳುವುದಿಲ್ಲ. ಖುಷ್ವಂತ್ ಅವರ ವಿಷಯದಲ್ಲಿ ನಿಜವಾದ ಕಷ್ಟ ಇರುವುದು ಮುಂದಿನ ಸಾಲುಗಳಲ್ಲಿ. 1984ರಲ್ಲಿ ಅಮೃತಸರದ ಸ್ವರ್ಣಮಂದಿರಕ್ಕೆ ಸೈನ್ಯ ನುಗ್ಗಿದ್ದನ್ನು ಪ್ರತಿಭಟಿಸಿ ಅವರು ಪದ್ಮಭೂಷಣವನ್ನು ಹಿಂದಿರುಗಿಸಿದರು ಎಂದಷ್ಟೇ ಬರೆದರೆ ಧೀರೋದಾತ್ತ ನಾಯಕ. 1975ರ ತುರ್ತುಪರಿಸ್ಥಿತಿಯನ್ನು ಬೆಂಬಲಿಸಿದರು, 1980ರಲ್ಲಿ ಇಂದಿರಾ ಗಾಂಧಿ ಮತ್ತೆ ಅಧಿಕಾರಕ್ಕೆ ಬಂದ ವರ್ಷವೇ ರಾಜ್ಯಸಭೆಗೆ ನಾಮಕರಣಗೊಂಡರು, ಅದೇ ವರ್ಷ 'ಹಿಂದೂಸ್ತಾನ್ ಟೈಮ್ಸ್'ನ ಸಂಪಾದಕರೂ ಆದರು ಎಂದಷ್ಟೇ ಬರೆದರೆ ಆಸ್ಥಾನ ವಿದ್ವಾಂಸ. ಎರಡೂ ಪ್ಯಾರಾಗಳಲ್ಲಿ ಒಂದೇ ಒಂದು ಸುಳ್ಳಿಲ್ಲ. ಎರಡೂ ಮೋಸವೇ. ಪ್ರಶಸ್ತಿ ಹಿಂದಿರುಗಿಸುವಾಗ ಅವರು ಅದೇ ಸರ್ಕಾರ ನಾಮಕರಣ ಮಾಡಿದ ಸಂಸತ್ ಸದಸ್ಯರಾಗಿದ್ದರು, ಅವಧಿ 1986ರವರೆಗೆ ಇತ್ತು, 2007ರಲ್ಲಿ ಪದ್ಮವಿಭೂಷಣವನ್ನು ಸ್ವೀಕರಿಸಿದರು ಎಂಬುದನ್ನೆಲ್ಲ ಇಸವಿಗಳ ಸಮೇತ ಇಟ್ಟಾಗ ಮಾತ್ರ ಆ ಮನುಷ್ಯ ಕಾಣುತ್ತಾನೆ. ಅಭಿಮಾನಿಗಳಿಗೂ ಸಿಟ್ಟು ಬರಬಹುದು, ವಿರೋಧಿಗಳಿಗೂ ಬರಬಹುದು. ಬರಲಿ ಬಿಡಿ. ತಾವು ತುರ್ತುಪರಿಸ್ಥಿತಿಯನ್ನು ಬೆಂಬಲಿಸಿದ್ದನ್ನು ಖುಷ್ವಂತ್ ಅವರೇ ಬಚ್ಚಿಟ್ಟಿರಲಿಲ್ಲ. ಬಚ್ಚಿಡುವ ಕೆಲಸ ಮಾಡಿದವರು ನಂತರದ ಪರಿಚಯಕಾರರು.

ಅದೇ ಕಾಲದ ಇನ್ನೊಬ್ಬ ಅಂಕಣಕಾರ ಕುಲದೀಪ್ ನಯ್ಯರ್. 'ಬಿಟ್ವೀನ್ ದಿ ಲೈನ್ಸ್' ಬರೆದವರು. 1975ರಲ್ಲಿ ಪತ್ರಕರ್ತರನ್ನು ಸೇರಿಸಿ ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿದ್ದಕ್ಕೆ ಜೈಲಿಗೆ ಹೋದರು. ಅವರ ಹುಟ್ಟೂರು ಸಿಯಾಲ್‌ಕೋಟ್. ಭಾರತ-ಪಾಕಿಸ್ತಾನ ಸ್ನೇಹಕ್ಕಾಗಿ ಆಗಸ್ಟ್ 14ರ ರಾತ್ರಿ ವಾಘಾ ಗಡಿಯಲ್ಲಿ ಮೇಣದಬತ್ತಿ ಹಚ್ಚುತ್ತಿದ್ದವರಾದ್ದರಿಂದ, 'ಪಾಕಿಸ್ತಾನದಲ್ಲಿ ಹುಟ್ಟಿದ ನಯ್ಯರ್' ಎಂದು ಬರೆದರೆ ಆ ಶಬ್ದಕ್ಕೆ ಎಂಥ ಮೊನೆ ಬರುತ್ತದೆ ಎಂದು ಹೇಳಬೇಕೇ? 1947ಕ್ಕಿಂತ ಮೊದಲು ಹುಟ್ಟಿದ ಯಾರೂ ಪಾಕಿಸ್ತಾನದಲ್ಲಿ ಹುಟ್ಟಿರಲು ಸಾಧ್ಯವಿಲ್ಲ, ಆ ದೇಶವೇ ಇರಲಿಲ್ಲ. 'ಅವಿಭಜಿತ ಪಂಜಾಬಿನ ಸಿಯಾಲ್‌ಕೋಟ್' ಎಂಬುದು ಸರಿಯಾದ ಮಾತು. ಹಾಗೆಯೇ ಅವರು ಗೋವಿಂದ ವಲ್ಲಭ ಪಂತ್ ಮತ್ತು ಲಾಲ್ ಬಹಾದುರ್ ಶಾಸ್ತ್ರಿ ಗೃಹಮಂತ್ರಿಗಳಾಗಿದ್ದಾಗ ಸರ್ಕಾರದ ವಾರ್ತಾಧಿಕಾರಿಯಾಗಿದ್ದರು, ವಿ.ಪಿ. ಸಿಂಗ್ ಸರ್ಕಾರ 1990ರಲ್ಲಿ ಅವರನ್ನು ಲಂಡನ್ನಿಗೆ ಹೈಕಮಿಷನರ್ ಆಗಿ ಕಳಿಸಿತು, 1997ರಲ್ಲಿ ಅವರೂ ರಾಜ್ಯಸಭೆಗೆ ನಾಮಕರಣಗೊಂಡರು. ಜೈಲಿನ ವಿಷಯ ಬರೆದವರು ಇವನ್ನೂ ಬರೆಯಬೇಕು. ಖುಷ್ವಂತರಿಗೆ ಒಂದು ನ್ಯಾಯ, ನಯ್ಯರರಿಗೆ ಇನ್ನೊಂದು ಆಗಬಾರದು.

ಸರಿಯಾದ ವಿವರ ಸಿಗುವುದಾದರೂ ಎಲ್ಲಿ ಎಂದು ಕೇಳುವವರಿಗೆ ಒಂದು ಮಾತು. ನಾವು ಅಂದುಕೊಂಡಷ್ಟು ಕಷ್ಟವಿಲ್ಲ. ರಾಜ್ಯಸಭಾ ಸದಸ್ಯರ ಅವಧಿ ಸಂಸತ್ತಿನ ಪ್ರಕಟಿತ ದಾಖಲೆಗಳಲ್ಲಿದೆ, ಪದ್ಮ ಪ್ರಶಸ್ತಿಗಳ ಪಟ್ಟಿ ಸರ್ಕಾರವೇ ಹೊರಡಿಸುತ್ತದೆ. ಯಾರು ಯಾವ ದಿನದವರೆಗೆ ಸಂಪಾದಕರಾಗಿದ್ದರು ಎಂಬುದಕ್ಕೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಪತ್ರಿಕೆಯ ಕೊನೆಯ ಪುಟದ ಅಡಿಯಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಅಚ್ಚಾಗುವ ಮುದ್ರಕ, ಪ್ರಕಾಶಕ, ಸಂಪಾದಕರ ಸಾಲು. ಪತ್ರಿಕಾ ಮತ್ತು ಪುಸ್ತಕ ನೋಂದಣಿ ಕಾಯ್ದೆಯಡಿ ಸಂಪಾದಕರ ಹೆಸರು ಪ್ರತಿ ಸಂಚಿಕೆಯಲ್ಲೂ ಇರಲೇಬೇಕಾಗಿತ್ತು. ಹಳೆಯ ಸಂಪುಟ ತೆಗೆದು ನಾಲ್ಕು ಸಂಚಿಕೆ ತಿರುವಿದರೆ ಹೆಸರು ಯಾವತ್ತು ಬದಲಾಯಿತೆಂದು ಸಿಕ್ಕಿಬಿಡುತ್ತದೆ. ಆತ್ಮಕಥೆಯನ್ನು ನಂಬುವುದಕ್ಕಿಂತ ಅದು ಮೇಲು. ಆತ್ಮಕಥೆಯಲ್ಲಿ ಎಲ್ಲರೂ ರಾಜೀನಾಮೆ ಕೊಟ್ಟವರೇ, ಯಾರನ್ನೂ ಯಾರೂ ಕೆಲಸದಿಂದ ತೆಗೆದಿರುವುದಿಲ್ಲ.

ಕಷ್ಟ ಇರುವುದು ನಮ್ಮ ಗಡಿನಾಡಿನ ಸಣ್ಣ ಪತ್ರಿಕೆಗಳಿಗೆ ಬರೆದವರ ವಿಷಯದಲ್ಲಿ. ರಾಜ್ಯ ಪುನರ್ವಿಂಗಡಣೆಯ ದಿನಗಳಲ್ಲಿ ಕಾಸರಗೋಡಿನಲ್ಲೂ ಸೊಲ್ಲಾಪುರದಲ್ಲೂ ವಾರವಾರ ಬರೆದು ಕಾವೇರಿಸಿದವರ ಬರಹ ಆ ಕಾಲದ ಸಂಚಿಕೆಗಳಲ್ಲಿ ಮಾತ್ರ ಉಳಿದಿದೆ. ಆ ಸಂಚಿಕೆಗಳು ಅಟ್ಟದ ಮೇಲೆ ಗೆದ್ದಲಿಗೆ ಆಹಾರ. ಎಷ್ಟೋ ಮಂದಿ ಗುಪ್ತನಾಮದಲ್ಲಿ ಬರೆದರು, ಏಕೆಂದರೆ ಹಗಲಲ್ಲಿ ಅವರು ಸರ್ಕಾರಿ ಶಾಲೆಯ ಮೇಷ್ಟ್ರು. ಯಾವ ಗುಪ್ತನಾಮ ಯಾರದೆಂದು ಬಲ್ಲ ಹಿರಿಯರು ಇನ್ನು ಎಷ್ಟು ಜನ ಉಳಿದಿದ್ದಾರೆ? ಅವರ ಬಗ್ಗೆ ಈ ಪುಟಕ್ಕೆ ಬರುವ ಸಂಸ್ಮರಣೆಗಳಲ್ಲಿ 'ನಿರ್ಭೀತ ಪತ್ರಕರ್ತ', 'ಕನ್ನಡದ ಕಟ್ಟಾಳು' ಎಂಬ ವಿಶೇಷಣಗಳಿಗೆ ಬರವಿಲ್ಲ. ಯಾವ ಪತ್ರಿಕೆ, ಯಾವ ಇಸವಿ ಅಂತ ಹುಡುಕಿದರೆ ಒಂದೂ ಇರುವುದಿಲ್ಲ. ಕೆಲವರು ಆ ಕಾಲದಲ್ಲಿ ಪಕ್ಷ ಬದಲಿಸಿದರು, ಕೆಲವರು ಹೊಸ ರಾಜ್ಯದಲ್ಲಿ ಹುದ್ದೆ ಒಪ್ಪಿಕೊಂಡರು. ಸಂಸಾರ ಇತ್ತು, ಹೊಟ್ಟೆಪಾಡು ಇತ್ತು. ಅದನ್ನು ಬರೆಯಲು ಮನೆಯವರು ಹಿಂಜರಿಯುತ್ತಾರೆ, ಅಭಿನಂದನ ಗ್ರಂಥದ ಸಮಿತಿಯವರು ತೆಗೆದೇ ಹಾಕುತ್ತಾರೆ.

ಆದ್ದರಿಂದ ಬರೆದು ಕಳಿಸುವವರಲ್ಲಿ ನನ್ನ ಬಿನ್ನಹ ಇಷ್ಟೇ. ಹುಟ್ಟೂರಿನ ಜೊತೆ ಆಗಿನ ರಾಜ್ಯ-ಜಿಲ್ಲೆ, ಈಗಿನ ರಾಜ್ಯ-ಜಿಲ್ಲೆ ಎರಡನ್ನೂ ಬರೆಯಿರಿ. ತಾರೀಕು ಎರಡಿದ್ದರೆ ಎರಡೂ ಇರಲಿ. ಗುಪ್ತನಾಮ ಗೊತ್ತಿದ್ದರೆ ಬರೆಯಿರಿ, ಅದು ನಿಮಗೆ ಹೇಗೆ ಗೊತ್ತಾಯಿತು ಎಂಬುದನ್ನೂ ಬರೆಯಿರಿ. ಹುದ್ದೆ, ಪಕ್ಷ, ಜೈಲು, ಸನ್ಮಾನ ಯಾವುದಿದ್ದರೂ ಇಸವಿ ಹಾಕಿ. ಹಳೆಯ ಸಂಚಿಕೆ ಕೈಯಲ್ಲಿದ್ದರೆ ಅಂಕಣದ ಪುಟವನ್ನಷ್ಟೇ ಕತ್ತರಿಸಿ ಕಳಿಸಬೇಡಿ. ಮುದ್ರಕ, ಪ್ರಕಾಶಕ, ಸಂಪಾದಕರ ಹೆಸರಿರುವ ಕೊನೆಯ ಪುಟದ ಜೆರಾಕ್ಸ್ ಕೂಡ ಅದರ ಜೊತೆಗಿರಲಿ.